ಪುರಿ ಭಟ್ಟಿಯ ಬೀದಿಗೆ ಬಂದ ಕ್ಯೋಟೊ ಒಪ್ಪಂದ

ಈಗ ವಕೀಲಿಕೆಗೆ ಬರುವ ಹುಡುಗ ಹುಡುಗಿಯರು ಪರಿಸರ ಕಾನೂನನ್ನು ಕಾಲೇಜಿನಲ್ಲೇ ಓದಿರುತ್ತಾರೆ. ಸುಸ್ಥಿರ ಅಭಿವೃದ್ಧಿ, ಮುನ್ನೆಚ್ಚರಿಕೆಯ ತತ್ವ, ಮುಂದಿನ ಪೀಳಿಗೆಯ ಹಕ್ಕು, ಇವೆಲ್ಲ ಅವರ ಬಾಯಲ್ಲಿ ಸಲೀಸಾಗಿ ಬರುತ್ತವೆ. ನಾನು ನಂಜನಗೂಡಿನಲ್ಲಿ ಕರಿ ಕೋಟು ತೊಟ್ಟ ಕಾಲಕ್ಕೆ ಈ ಮಾತುಗಳು ನಮ್ಮ ವಕೀಲರ ಕೊಠಡಿಯ ತನಕ ಬಂದಿರಲಿಲ್ಲ. ನಮ್ಮಲ್ಲಿ ಇದ್ದದ್ದು ಪಾಲು ವಿಭಾಗ, ಒತ್ತುವರಿ, ಖಾತೆ ಬದಲಾವಣೆ, ಜೀವನಾಂಶ. ಪ್ರಾಕ್ಟೀಸ್ ನಿಲ್ಲಿಸಿದ ಮೇಲೆ ಹೊಸದಾಗಿ ಸನದು ಪಡೆದ ಒಬ್ಬಳು ಮನೆಗೆ ಬಂದು ಕೇಳಿದಳು, “ಮೇಡಂ, ಈ ಅಂತರರಾಷ್ಟ್ರೀಯ ಕಾನೂನು ನಮ್ಮ ತಾಲ್ಲೂಕು ಮಟ್ಟಕ್ಕೆ ಎಲ್ಲಿ ಬರ್ತದೆ?” ಅಂತ. ಆಗ ಕಾಫಿ ಕೊಟ್ಟು ಅಷ್ಟಿಷ್ಟು ಹೇಳಿ ಕಳಿಸಿದೆ. ಮನಸ್ಸಿಗೆ ಸಾಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸೀನಿಯರ್ ಗುರುಮಲ್ಲಪ್ಪನವರು. ಹಣೆಯ ತುಂಬ ವಿಭೂತಿ, ಕೋಟಿನ ಜೇಬಿನಲ್ಲಿ ಅಡಕೆಯ ಡಬ್ಬಿ. ಹೆಣ್ಣುಮಗಳೊಬ್ಬಳು ಅವರ ಆಫೀಸಿಗೆ ಜೂನಿಯರ್ ಆಗಿ ಸೇರಿದ್ದು ಊರಿಗೆ ಹೊಸದು, ಅವರಿಗೂ ಹೊಸದು. ಮೊದಲ ದಿನ ಕುರ್ಚಿ ತೋರಿಸಿ, “ಇಲ್ಲಿ ಕೂತ್ಕೊ ತಾಯಿ. ಕಕ್ಷಿಗಾರರು ನಿನ್ನನ್ನ ನನ್ನ ಮಗಳು ಅಂದ್ಕೊಂಡು ಮದುವೆ ವಿಚಾರ ಕೇಳ್ತಾರೆ, ಬೇಜಾರು ಮಾಡ್ಕೋಬೇಡ” ಅಂದರು. ನಿಜವಾಗಿಯೂ ಕೇಳಿದರು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮೈಸೂರಿನಲ್ಲಿ ವಕೀಲರಿಗೆ ಒಂದು ತರಬೇತಿ ನಡೆಯಿತು. ಬೇರೆ ಯಾರೂ ಹೋಗಲು ಒಪ್ಪದ ಕಾರಣ ನನ್ನನ್ನು ಕಳಿಸಿದರು. ಅಲ್ಲಿ ರಿಯೋ ಘೋಷಣೆಯ ಜೆರಾಕ್ಸ್ ಪ್ರತಿ ಕೊಟ್ಟರು. ಜಗತ್ತಿನ ದೇಶಗಳೆಲ್ಲ ಸೇರಿ ಒಪ್ಪಿದ ಮಾತುಗಳು ಅದರಲ್ಲಿದ್ದವು. ಅಭಿವೃದ್ಧಿಯ ನಡುವೆ ಇರಬೇಕಾದವನು ಮನುಷ್ಯ, ಪರಿಸರದ ವಿಷಯ ತೀರ್ಮಾನವಾಗುವಾಗ ಆಯಾ ಜಾಗದ ಜನರ ಮಾತು ಕೇಳಬೇಕು, ಕೆಡಿಸಿದವನು ಅದರ ಭಾರ ಹೊರಬೇಕು, ಈ ಭೂಮಿಯನ್ನು ಉಳಿಸುವ ಹೊಣೆ ಎಲ್ಲ ದೇಶಗಳದ್ದೂ ಹೌದು ಆದರೆ ಎಲ್ಲರ ಪಾಲೂ ಒಂದೇ ಅಲ್ಲ. ಬಸ್ಸಿನಲ್ಲಿ ಓದುತ್ತಾ ಬಂದೆ. ಒತ್ತುವರಿ ದಾವೆಗಳ ನಡುವೆ ಕೂತಿದ್ದವಳಿಗೆ ಯಾರೋ ಕಿಟಕಿ ತೆಗೆದ ಹಾಗಾಯಿತು. ಮಾರನೆಯ ದಿನ ಗುರುಮಲ್ಲಪ್ಪನವರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ನೋಡಿ, “ರಿಯೋ ಅನ್ನೋದು ಯಾವ ಜಿಲ್ಲೆಗೆ ಸೇರ್ತದಮ್ಮ?” ಅಂದು ವಾಪಸು ಕೊಟ್ಟರು.

ಆ ಉತ್ಸಾಹದಲ್ಲೇ ಹತ್ತಿರದ ಹೆಡತಲೆ ಎಂಬ ಊರಿನಲ್ಲಿ ಕಾನೂನು ಅರಿವು ಶಿಬಿರ ಇಟ್ಟುಕೊಂಡೆ. “ಸುಸ್ಥಿರ ಅಭಿವೃದ್ಧಿ ಕುರಿತು ಮಾಹಿತಿ” ಎಂದು ಬರೆಸಿ ಡಂಗುರ ಹೊಡೆಸಿದೆ. ನಾನು ನೆನೆಸಿದ್ದಕ್ಕಿಂತ ಹೆಚ್ಚು ಜನ ಬಂದರು. ಬಂದವರ ಕೈಯಲ್ಲೆಲ್ಲ ಪ್ಲಾಸ್ಟಿಕ್ ಚೀಲ. ನಾನು ಮಾತು ಶುರುಮಾಡುವ ಮೊದಲೇ ಮುಂದೆ ಕೂತಿದ್ದ ಯಜಮಾನರೊಬ್ಬರು ಚೀಲದಿಂದ ಪಹಣಿ ತೆಗೆದು, “ನಮ್ಮ ಸ್ಥಿರಾಸ್ತಿ ಎಲ್ಲಾ ಕ್ರಮವಾಗೇ ಅದೆ ಕಣವ್ವ. ಯಾರು ಕಿತ್ಕೊಳ್ಳಾಕೆ ಬರಾದು, ಅದನ್ನೇಳು” ಅಂದರು. ಸುಸ್ಥಿರ ಎನ್ನುವುದು ಅವರ ಕಿವಿಗೆ ಸ್ಥಿರಾಸ್ತಿ ಎಂದು ಬಿದ್ದಿತ್ತು. ಊರೆಲ್ಲ ಜಮೀನು ಹೋಗುತ್ತದೆ ಎಂದು ಹೆದರಿ ಪಹಣಿ ಹಿಡಿದು ಬಂದಿತ್ತು. ಅವತ್ತು ಸಂಜೆಯವರೆಗೆ ಕೂತು ಅವರ ಪಹಣಿಗಳನ್ನೇ ಓದಿ ಹೇಳಿ ಬಂದೆ. ಮಾತು ತಲುಪಬೇಕಾದರೆ ಅದು ಕೇಳುವವರ ಕಿವಿಯಲ್ಲಿ ಏನಾಗುತ್ತದೆ ಎಂದು ಮೊದಲು ನೋಡಬೇಕು ಎನ್ನುವುದನ್ನು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಕೋರ್ಟಿನಲ್ಲಿ ಈ ಕಾನೂನನ್ನು ಮೊದಲು ಎತ್ತಿದ್ದು ಸಿದ್ದಯ್ಯ ಎಂಬ ರೈತರ ಬಾವಿಯ ಕೇಸಿನಲ್ಲಿ. ಅವರ ಜಮೀನು ಕೈಗಾರಿಕಾ ಪ್ರದೇಶದ ಆಚೆಗಿತ್ತು. ಬಾವಿಯ ನೀರು ಕೆಂಪಗೆ ತಿರುಗಿತು, ದನ ಮೂಸಿ ನೋಡಿ ಹಿಂದಕ್ಕೆ ಸರಿಯುತ್ತಿದ್ದವು. ಪಕ್ಕದ ಕಾರ್ಖಾನೆಯ ಪರ ವಕೀಲರು ಕೇಳಿದ್ದು ಒಂದೇ ಮಾತು: ನಮ್ಮ ನೀರಿನಿಂದಲೇ ಹೀಗಾಯಿತು ಎನ್ನುವುದಕ್ಕೆ ಸಾಕ್ಷಿ ಏನು? ನಾನು ಎದ್ದು ರಿಯೋ ಘೋಷಣೆಯನ್ನು ಓದಿದೆ. ನ್ಯಾಯಾಧೀಶರು ಪೂರ್ತಿ ಕೇಳಿ, “ಚೆನ್ನಾಗಿದೆ. ಇದು ನಮ್ಮ ದೇಶದ ಯಾವ ಕಾಯಿದೆಯಲ್ಲಿ ಬರುತ್ತದೆ?” ಎಂದರು. ನಾನು ಕೈಯಲ್ಲಿದ್ದ ಜೆರಾಕ್ಸ್ ತಿರುವಿ ಹುಡುಕತೊಡಗಿದೆ. ಗುರುಮಲ್ಲಪ್ಪನವರು ವಾಯಿದೆ ಕೇಳಿ ನನ್ನನ್ನು ಕೂರಿಸಿದರು.

ಅದಾದ ಮೇಲೆ, ಚರ್ಮ ಹದಮಾಡುವ ಕಾರ್ಖಾನೆಗಳ ವಿಚಾರದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ನಮ್ಮ ಕೈಗೆ ಬಂತು. ಹಾನಿ ರುಜುವಾಗುವ ತನಕ ಕಾಯದೆ ತಡೆಯಬೇಕೆಂಬ ಮುನ್ನೆಚ್ಚರಿಕೆಯ ತತ್ವವೂ ಕೆಡಿಸಿದವನೇ ಭಾರ ಹೊರಬೇಕೆಂಬ ತತ್ವವೂ ಈ ನೆಲದ ಕಾನೂನಿನ ಭಾಗವೇ, ತನ್ನಿಂದ ಹಾನಿ ಇಲ್ಲ ಎಂದು ತೋರಿಸುವ ಹೊಣೆ ಕಾರ್ಖಾನೆಯದೇ ಎಂದು ಅದರಲ್ಲಿ ಹೇಳಿತ್ತು. ಗುರುಮಲ್ಲಪ್ಪನವರು ಅದನ್ನು ಮನೆಗೆ ಒಯ್ದು ಓದಿದರು. ಮುಂದಿನ ವಾಯಿದೆಗೆ ತಾವೇ ಎದ್ದು ನಿಂತು ವಾದ ಮಾಡಿದರು. ಹೊರಗೆ ಬಂದು, “ನಿನ್ನ ರಿಯೋ ನಮ್ಮ ಜಿಲ್ಲೆಗೇ ಸೇರ್ತು ಕಣಮ್ಮ” ಅಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ ಇರಬೇಕು.

ಕಾರ್ಖಾನೆಯವರು ರಾಜಿಗೆ ಬಂದು ಆ ಊರಿಗೆ ಕೊಳಾಯಿ ಹಾಕಿಸಿಕೊಟ್ಟರು. ನಾವು ಗೆದ್ದೆವು ಎಂದೇ ತಿಳಿದೆವು. ಸಿದ್ದಯ್ಯ ಮಾತ್ರ ಕೋರ್ಟಿನ ಮೆಟ್ಟಿಲ ಮೇಲೆ ನಿಂತು, “ಕೊಳಾಯಿ ಬಂತು ಸರಿ ಕಣವ್ವ. ಬಾವಿ ಯಾವಾಗ ಸರ್ಯಾಯ್ತದೆ?” ಎಂದು ಕೇಳಿದರು. ಅದು ಸರಿಯಾಗಲಿಲ್ಲ. ಅವರು ಇರುವ ತನಕ ಆಗಲಿಲ್ಲ, ಆಮೇಲೆ ಮಗ ಅದಕ್ಕೆ ಮಣ್ಣು ತುಂಬಿಸಿದ. ಹಾನಿಯಾದ ಮೇಲೆ ಬರುವ ಕಾನೂನಿನ ಕೈ ಎಷ್ಟು ಮೋಟು ಎಂದು ಅಲ್ಲಿ ಕಂಡೆ. ಹಾನಿಗೆ ಮೊದಲೇ ಮಾತಾಡಲು ಬಿಡುವ ಕಾನೂನು ಬೇಕು ಎಂದು ಆಗ ಅನ್ನಿಸಿತ್ತು.

ಅಂಥ ಕಾನೂನು ಎರಡು ಸಾವಿರದ ನಂತರದ ವರ್ಷಗಳಲ್ಲಿ ನಮ್ಮ ತಾಲ್ಲೂಕಿಗೂ ಬಂತು. ಅಷ್ಟು ಹೊತ್ತಿಗೆ ಗುರುಮಲ್ಲಪ್ಪನವರು ಕೋರ್ಟಿಗೆ ಬರುವುದನ್ನು ಬಿಟ್ಟು ಮನೆಯ ಜಗಲಿ ಸೇರಿದ್ದರು. ಟೈಪಿಸ್ಟಿನ ಬದಲು ಬಸ್ ನಿಲ್ದಾಣದ ಹತ್ತಿರದ ಇಂಟರ್ನೆಟ್ ಅಂಗಡಿ ಬಂದಿತ್ತು. ನಂಜನಗೂಡಿನ ಹತ್ತಿರ ಒಂದು ವಿದ್ಯುತ್ ಘಟಕ ಶುರುವಾಯಿತು. ಕಲ್ಲಿದ್ದಲಿನ ಬದಲು ಭತ್ತದ ಹೊಟ್ಟು ಉರಿಸಿ ಕರೆಂಟು ತೆಗೆಯುವ ಘಟಕ. ಕ್ಯೋಟೊ ಒಪ್ಪಂದದ ಪ್ರಕಾರ ಶ್ರೀಮಂತ ದೇಶಗಳು ತಮ್ಮ ಹೊಗೆ ಇಳಿಸಬೇಕಿತ್ತು. ನಮ್ಮಂಥ ದೇಶದಲ್ಲಿ ಯಾರಾದರೂ ಹೊಗೆ ಇಳಿಸಿದರೆ, ಆ ಉಳಿತಾಯವನ್ನು ಕೊಂಡು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬಹುದಿತ್ತು. ಕಾರ್ಬನ್ ಕ್ರೆಡಿಟ್ ಎಂದರೆ ಅದೇ. ಅದು ಸಿಗಬೇಕಾದರೆ ಯೋಜನೆಯಿಂದ ಸುಸ್ಥಿರ ಅಭಿವೃದ್ಧಿ ಆಗುತ್ತದೆ ಎಂದು ನಮ್ಮ ಸರ್ಕಾರ ಹೇಳಬೇಕು, ಜನರನ್ನು ಕರೆದು ಅವರ ಅಭಿಪ್ರಾಯ ಕೇಳಬೇಕು, ಹೊರಗಿನ ಆಡಿಟರ್ ಬಂದು ನೋಡಬೇಕು.

ಘಟಕದ ಮ್ಯಾನೇಜರ್ ನಾಗರಾಜ್ ನನ್ನ ಆಫೀಸಿಗೆ ಬಂದು, ಜನರ ಸಭೆ ನಡೆಸಿ ಅದರ ವರದಿಯನ್ನು ಎರಡೂ ಭಾಷೆಯಲ್ಲಿ ಬರೆದುಕೊಡಲು ಕೇಳಿದರು. ಒಳ್ಳೆಯ ಮನುಷ್ಯ. ತನ್ನ ಘಟಕದ ಬಗ್ಗೆ ಅವರಿಗೆ ಹೆಮ್ಮೆ ಇತ್ತು. “ಗಿರಣಿ ಹಿತ್ತಲಲ್ಲಿ ಕೊಳೆಯೋ ಹೊಟ್ಟು ಮೇಡಂ. ಅದರಲ್ಲಿ ದೀಪ ಹಚ್ತಾ ಇದೀವಿ” ಎನ್ನುತ್ತಿದ್ದರು. ನನಗೂ ಹೆಮ್ಮೆಯೇ ಆಯಿತು. ಬಸ್ಸಿನಲ್ಲಿ ಓದಿಕೊಂಡು ಬಂದ ಕಾಗದ ಕೊನೆಗೂ ನಮ್ಮೂರಲ್ಲಿ ಕೆಲಸವಾಗಿ ಕಾಣುತ್ತಿತ್ತು. ಒಪ್ಪಿಕೊಂಡೆ.

ಸಭೆ ಘಟಕದ ಕ್ಯಾಂಟೀನ್ ಶೆಡ್ಡಿನಲ್ಲಿ. ಘಟಕದ ಸುತ್ತಲಿನ ಊರುಗಳವರನ್ನು ಕರೆದಿದ್ದರು. ರಸ್ತೆ ಕೇಳಿದರು, ಕೆಲಸ ಕೇಳಿದರು, ಧೂಳಿನ ಮಾತು ಬಂತು. ಎಲ್ಲ ಬರೆದುಕೊಂಡೆ. ಮುಗಿಯುವ ಹೊತ್ತಿಗೆ ಬಾಗಿಲ ಹತ್ತಿರ ಒಬ್ಬ ಹೆಂಗಸು ಬಂದು ನಿಂತರು. ವಯಸ್ಸು ಐವತ್ತರ ಮೇಲೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ಮುಂಗೈ ಮೇಲೆಲ್ಲ ಹಳೆಯ ಸುಟ್ಟ ಕಲೆ. ಯಾವ ಊರು ಎಂದು ಕೇಳಿದೆ.

“ನರಸೀಪುರ ಕಣವ್ವ. ಚಿಕ್ಕತಾಯಮ್ಮ ಅಂತ. ನಮ್ಮೂರ ಗಿರಣಿ ಒಟ್ಟೆಲ್ಲಾ ಲಾರೀಲಿ ತುಂಬ್ಕೊಂಡ್ ಓಯ್ತಾವ್ರೆ. ಎಲ್ಲಿಗೋಯ್ತದೆ ನೋಡವಾ ಅಂತ ಬಸ್ ಅತ್ತಿ ಬಂದೆ. ಗೇಟಲ್ಲಿ ಆವಯ್ಯ ಒಳ್ಗೆ ಮೀಟಿಂಗ್ ಅದೆ, ಓಗಿ ಅಂದ.”

ನಾಗರಾಜ್ ನನ್ನ ಕಡೆ ಬಾಗಿ, “ನರಸೀಪುರ ನಮ್ಮ ಸ್ಥಳೀಯ ಪಟ್ಟೀಲಿ ಇಲ್ಲ ಮೇಡಂ” ಅಂದರು. ಹೊಟ್ಟು ಅಲ್ಲಿಂದಲೇ ಬರುತ್ತದಲ್ಲ ಎಂದೆ. ಅವರು ಪಟ್ಟಿ ಮಡಚಿ ಆಕೆಗೆ ಕುರ್ಚಿ ತೋರಿಸಿದರು.

ಚಿಕ್ಕತಾಯಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದರು. “ನಿಮ್ಮ ಕರೆಂಟು ಬ್ಯಾಡ ಅನ್ನಾಕೆ ಬಂದಿಲ್ಲ ಸಾ. ನಮ್ಮದು ಪುರಿ ಭಟ್ಟಿ. ನಮ್ಮ ಬೀದಿಯವ್ರೆಲ್ಲಾ ಪುರಿ ಉರ್ದೇ ಬದುಕಿರಾದು. ಒಲೆಗೆ ಒಟ್ಟೇ ಆಗ್ಬೇಕು. ನೆನ್ನೆ ಮೊನ್ನೆವರ್ಗೂ ಗಿರಣಿಯವ್ರು ಒತ್ಕೊಂಡೋಗಿ ಅಂತಿದ್ರು. ಈಗ ನಮ್ಮ ಮಕ ನೋಡಲ್ಲ. ಅದರ ಮ್ಯಾಲೆ ನಾಲೆಗೆ ನೀರಿಲ್ಲ ಅಂತ ಭತ್ತನೂ ಕಮ್ಮಿ. ನಾವೇನ್ ಉರ್ಸನ ಏಳಿ.”

“ಈಗ ಏನು ಉರಿಸ್ತಾ ಇದೀರಮ್ಮ?” ಎಂದು ನಾನು ಕೇಳಿದೆ.

ಆಕೆ ನನ್ನನ್ನು ನೋಡಿದರು, ನಾಗರಾಜರನ್ನು ನೋಡಿದರು. “ಏನೋ ಸಿಕ್ಕಿದ್ದು” ಎಂದರು.

ಮರುದಿನ ಟಿ. ನರಸೀಪುರಕ್ಕೆ ಹೋದೆ. ಬೀದಿ ಸಿಗುವುದಕ್ಕೆ ಮೊದಲೇ ವಾಸನೆ ಸಿಕ್ಕಿತು. ಹೊಳೆಯ ಕಡೆಗೆ ಇಳಿಯುವ ಇಕ್ಕಟ್ಟು ಬೀದಿ, ಎರಡೂ ಬದಿಗೆ ಪುರಿ, ಅಂದರೆ ಮಂಡಕ್ಕಿ, ಹುರಿಯುವ ತಗ್ಗು ಛಾವಣಿಯ ಭಟ್ಟಿಗಳು. ಬಾಣಲೆಯ ಕಾದ ಮರಳಿಗೆ ಅಕ್ಕಿ ಬಿದ್ದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅರಳುತ್ತದೆ. ಚಿಕ್ಕತಾಯಮ್ಮನವರ ಮೈದುನ ಮಾದೇವ ಬಾಣಲೆಯ ಮುಂದೆ ನಿಂತು ಹುರಿಯುತ್ತಿದ್ದ. ಆಕೆ ಜರಡಿ ಹಿಡಿದು ಮರಳು ಬೇರೆ ಮಾಡುತ್ತಿದ್ದರು. ಒಲೆಯ ಬಾಯಲ್ಲಿ ಹಳೆಯ ಟೈರಿನ ತುಂಡುಗಳು. ಕರಿ ಹೊಗೆ ಛಾವಣಿಗೆ ತಗುಲಿ, ಕೆಳಗಿಳಿದು, ಬೀದಿಯ ಉದ್ದಕ್ಕೂ ಮಲಗಿತ್ತು. ಎದುರು ಮನೆಯ ಬಾಗಿಲಲ್ಲಿ ಕೂಸೊಂದು ಕೆಮ್ಮುತ್ತಲೇ ಇತ್ತು.

“ಇದು ಕೆಟ್ಟದ್ದು ಅಂತ ಗೊತ್ತು ಕಣವ್ವ” ಅಂದರು ಚಿಕ್ಕತಾಯಮ್ಮ. “ಸೌದೆ ತರಾಕೆ ಕೈಲಾಗಲ್ಲ. ಇದೊಂದು ಸಿಕ್ತದೆ.”

ಅಲ್ಲಿಂದ ನೇರ ಗುರುಮಲ್ಲಪ್ಪನವರ ಜಗಲಿಗೆ ಹೋದೆ. ರಿಯೋ ಘೋಷಣೆಯಲ್ಲಿ ಮನುಷ್ಯ ನಡುವೆ ಇರಬೇಕು ಎಂಬ ಒಳ್ಳೊಳ್ಳೆಯ ಮಾತುಗಳೆಲ್ಲ ಇದ್ದವು. ಆದರೆ ಒಂದು ಬೀದಿಯ ಜನರ ಕೆಲಸ ಹೋಗುತ್ತದೆ ಎಂಬ ಕಾರಣಕ್ಕೆ ಕಡತ ನಿಲ್ಲಿಸುವ ನಿಯಮ ಯಾವುದೂ ನನಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ಕಾರ್ಬನ್ ಕ್ರೆಡಿಟ್ಟಿನ ನಿಯಮಗಳಲ್ಲಿ ಬೇರೆಯೇ ಒಂದು ಒಣ ನಿಯಮ. ಅದಕ್ಕೆ ಸೋರಿಕೆ ಎಂದು ಹೆಸರು. ಯೋಜನೆಯ ಬೇಲಿಯ ಹೊರಗೆ, ಆ ಯೋಜನೆಯ ಕಾರಣಕ್ಕೇ ಎಲ್ಲಾದರೂ ಹೊಸ ಹೊಗೆ ಎದ್ದರೆ ಅದನ್ನು ಉಳಿತಾಯದಿಂದ ಕಳೆಯಬೇಕು. ಹೊಟ್ಟು ಬೇರೆಯವರ ಒಲೆಯಿಂದ ಬಂದದ್ದಲ್ಲ, ನಿಜವಾಗಿ ಮಿಕ್ಕಿದ್ದು ಎಂದು ಕಂಪನಿ ತೋರಿಸಬೇಕು. ಹೊಟ್ಟು ಎಷ್ಟು ಮಿಗುತ್ತದೆ ಎಂದು ಕಂಪನಿಯ ಸಮೀಕ್ಷೆ ಆಗಿದ್ದು ಮಳೆ ಚೆನ್ನಾಗಿದ್ದ ವರ್ಷ. ಆಮೇಲೆ ಬಂದದ್ದು ನಾಲೆಗೆ ಸರಿಯಾಗಿ ನೀರು ಬಿಡದ ವರ್ಷ.

ಗುರುಮಲ್ಲಪ್ಪನವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, “ಅಂದ್ರೆ, ಆ ಯಮ್ಮನ ಹಸಿವು ಅವರ ಲೆಕ್ಕಕ್ಕೆ ಬರಲ್ಲ. ಅವಳ ಹೊಗೆ ಬರ್ತದೆ” ಅಂದರು.

“ಹೌದು ಸಾರ್.”

“ನಿನಗೆ ಕಕ್ಷಿ ಯಾರು?”

“ಕಂಪನಿ.”

“ಹಾಗಾದ್ರೆ ಮೊದಲು ಅವರ ಮುಖಕ್ಕೇ ಹೇಳು. ಕೇಳಿದ್ರೆ ಸರಿ. ಕೇಳದೇ ಇದ್ರೆ ಅವರ ಕೆಲಸ ಬಿಟ್ಟು ಆಮೇಲೆ ಮಾತಾಡು. ಎರಡು ಕಡೆ ಕಾಲಿಡಬೇಡ.”

ನಾಗರಾಜರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು. “ಅಷ್ಟು ಕಲ್ಲಿದ್ದಲು ಸುಡೋದನ್ನ ತಪ್ಪಿಸ್ತಾ ಇದೀವಿ ಮೇಡಂ. ಒಂದು ಬೀದಿ ಒಲೆಗೋಸ್ಕರ ಇಡೀ ಯೋಜನೆಗೆ ಕಲ್ಲು ಹಾಕ್ತೀರಾ?” ಅಂದರು. ನನಗೂ ಅವರ ಮಾತು ಸುಳ್ಳೆನಿಸಲಿಲ್ಲ. ಮಳೆಯ ಕ್ರಮ ತಪ್ಪುತ್ತಿದ್ದದ್ದು ನಾವು ಕಾಣುತ್ತಿದ್ದದ್ದೇ, ಇಂಥ ಘಟಕಗಳು ಬೇಕೇ ಬೇಕು. “ಕಲ್ಲು ಹಾಕ್ತಿಲ್ಲ. ವರದಿಯಲ್ಲಿ ಆಕೆಯ ಮಾತು ಇರುತ್ತೆ. ಆಡಿಟರ್ ಕೇಳಿದರೆ ನಾನು ಕಂಡದ್ದನ್ನ ಹೇಳ್ತೀನಿ. ಅದು ಬೇಡ ಅಂದ್ರೆ ಈಗಲೇ ಬೇರೆಯವರನ್ನ ನೋಡ್ಕೊಳ್ಳಿ” ಎಂದೆ. ಅವರು ಎದ್ದು ಹೋದರು. ನನಗೆ ಆ ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ. ಒಂದು ವಾರ ಬಿಟ್ಟು ಫೋನು ಮಾಡಿ, “ಆಡಿಟರ್ ಬರಲಿ, ನೋಡಿಕೊಂಡೇ ಹೋಗಲಿ” ಅಂದರು.

ವಿದೇಶದವರು ಬರುತ್ತಾರೆ ಎಂದು ಎಲ್ಲರೂ ಕಾದಿದ್ದರು. ವಿದೇಶಿ ಆಡಿಟ್ ಕಂಪನಿಯ ಪರವಾಗಿ ಬಂದದ್ದು ಚೆನ್ನೈನ ರಾಘವನ್. ತೆಳ್ಳನೆಯ ಆಸಾಮಿ, ಕನ್ನಡ ಬಾರದು, ಮಾತು ಕಡಿಮೆ. ಅದಕ್ಕೆ ಮೊದಲು ನಾನು ಚಿಕ್ಕತಾಯಮ್ಮನವರಿಗೆ ಹೇಳಿ ಬಂದಿದ್ದೆ, ಇಂಥವರು ಬರುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳಬೇಕು ಅಂತ.

“ಟೈರ್ ಅಂತ ಏಳ್ಬೋದಾ?” ಎಂದು ಕೇಳಿದ್ದರು.

“ಇದ್ದದ್ದು ಹೇಳಿ. ಹೊಟ್ಟು ವಾಪಸು ಬರೋದಿಕ್ಕೆ ಇರೋ ದಾರಿ ಅದೊಂದೇ.”

“ಮಿಕ್ಕವ್ರು ಬ್ಯಾಡ ಅಂತಾವ್ರೆ. ಸರ್ಕಾರದವ್ರು ಬಂದು ಒಲೆ ಒಡಿತಾರೆ ಅಂತ.” ಸ್ವಲ್ಪ ಹೊತ್ತು ಜರಡಿ ಆಡಿಸಿ, “ಯಾರಾರ ಒಬ್ರು ಏಳ್ಬೇಕಲ್ಲ” ಅಂದರು.

ರಾಘವನ್ ಬಂದ ದಿನ ಬೀದಿಯ ಬಾಗಿಲುಗಳೆಲ್ಲ ಅರ್ಧ ಮುಚ್ಚಿದ್ದವು. ಚಿಕ್ಕತಾಯಮ್ಮನವರ ಭಟ್ಟಿ ಒಂದೇ ಪೂರ್ತಿ ತೆರೆದಿತ್ತು. ರಾಘವನ್ ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕನ್ನಡಕ್ಕೆ ತಂದೆ, ಆಕೆ ಹೇಳಿದ್ದನ್ನು ಇಂಗ್ಲಿಷಿಗೆ. ಈ ಯೋಜನೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನು ಎಂಬ ಪ್ರಶ್ನೆಗೆ ಆಕೆ ಬಾಯಲ್ಲಿ ಉತ್ತರ ಕೊಡಲಿಲ್ಲ. “ಬನ್ನಿ ಸಾ” ಎಂದು ಹಿತ್ತಲಿಗೆ ಕರೆದೊಯ್ದು ಟೈರುಗಳ ರಾಶಿ ತೋರಿಸಿದರು. ಪಕ್ಕದಲ್ಲಿ ಹೊಟ್ಟು ತುಂಬುತ್ತಿದ್ದ ಕೋಣೆ ಖಾಲಿ ಇತ್ತು. ನೆಲ ಗುಡಿಸಿದ್ದರು.

“ಒಟ್ಟು ಇದ್ದಾಗ ಬಿಳಿ ಒಗೆ ಸಾ. ಈಗ ಕರಿ ಒಗೆ. ನಿಮ್ಮ ಕಂಪನೀಲಿ ಒಗೆ ಕಮ್ಮಿ ಆಯ್ತು ಅಂತ ಲಾಯ್ರಮ್ಮ ಏಳುದ್ರು. ಅದು ಇಲ್ಲಿಗೆ ಬಂದದೆ, ನೋಡ್ಕಳಿ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ರಾಘವನ್ ಒಂದು ಸಲ ತಲೆ ಎತ್ತಿ ಆಕೆಯನ್ನು ನೋಡಿದರು. ಫೋಟೋ ತೆಗೆದರು. ಹೊರಡುವಾಗ ಆಕೆ ಕೊಟ್ಟ ಬಿಸಿ ಪುರಿಯನ್ನು ಜೀಪಿನಲ್ಲಿ ಕೂತು ಪೂರ್ತಿ ತಿಂದರು.

ಅವರ ಆಡಿಟ್ ವರದಿ ಬಂದಾಗ ಹೇಳಬೇಕಾದದ್ದೆಲ್ಲ ಇತ್ತು. ನರಸೀಪುರದ ಹೊಟ್ಟು ಮಿಕ್ಕಿದ್ದಲ್ಲ. ಒಂದೋ ಆ ಬೀದಿಯ ಹೊಗೆಯನ್ನು ಕಂಪನಿ ತನ್ನ ಉಳಿತಾಯದಿಂದ ಕಳೆಯಬೇಕು, ಇಲ್ಲ ಆ ಬೀದಿಗೆ ಹೊಟ್ಟು ಬಿಡಬೇಕು. ಇದು ಬಗೆಹರಿಯದೆ ಕಡತ ಮುಂದಕ್ಕೆ ಹೋಗದು. ನಾಗರಾಜ್ ಬೈದುಕೊಂಡರು, ಆದರೆ ಬೈದುಕೊಂಡು ಕೂರಲಿಲ್ಲ. ನರಸೀಪುರದ ಗಿರಣಿಗಳ ಜೊತೆ ಒಪ್ಪಂದ ಮಾಡಿದರು: ಭಟ್ಟಿಗಳಿಗೆ ಮೊದಲು, ಉಳಿದದ್ದು ಘಟಕಕ್ಕೆ. ಕರಡನ್ನು ನನ್ನಿಂದಲೇ ಬರೆಸಿದರು. ಮುಂದಿನ ಸುಗ್ಗಿಯಿಂದ ಅದು ಜಾರಿ.

ಸುಗ್ಗಿಗೆ ಇನ್ನೂ ತಿಂಗಳುಗಳಿದ್ದವು. ಅಷ್ಟರಲ್ಲಿ ಚಿಕ್ಕತಾಯಮ್ಮ ಒಂದು ಬೆಳಿಗ್ಗೆ ನನ್ನ ಆಫೀಸಿನ ಬಾಗಿಲಲ್ಲಿದ್ದರು. ಟೈರು ಉರಿಸಿ ಸಾರ್ವಜನಿಕರಿಗೆ ತೊಂದರೆ ಮಾಡುತ್ತಿದ್ದೀರಿ, ಭಟ್ಟಿಯನ್ನು ಏಕೆ ಮುಚ್ಚಿಸಬಾರದು ಎಂದು ನೋಟಿಸು ಬಂದಿತ್ತು. ಯಾವ ಕಚೇರಿಯಿಂದ ಎಂದು ಇಲ್ಲಿ ಬರೆಯುವುದಿಲ್ಲ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೂ ಇರಲಿಲ್ಲ. ಆಡಿಟ್ಟಿನ ಬರಹ ಜಗತ್ತಿಗೆಲ್ಲ ಕಾಣುವ ಜಾಲತಾಣದಲ್ಲಿತ್ತು, ಜೀಪು ಬಂದು ಫೋಟೋ ತೆಗೆದದ್ದು ಊರಿಗೆಲ್ಲ ಗೊತ್ತಿತ್ತು, ಯಾರೋ ಅರ್ಜಿ ಕೊಟ್ಟಿದ್ದರು. ಬೀದಿಯಲ್ಲಿ ಎಲ್ಲರೂ ಟೈರು ಉರಿಸುತ್ತಿದ್ದರು. ನೋಟಿಸು ಬಂದದ್ದು ಇದ್ದದ್ದನ್ನು ಹೇಳಿದ ಒಬ್ಬರ ಹೆಸರಿಗೆ ಮಾತ್ರ.

ಆಕೆ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. “ಇದರಲ್ಲಿ ಏನದೆ ಓದಿ ಏಳಿ” ಅಂದರು, ಅಷ್ಟೇ.

ವಿಚಾರಣೆಗೆ ಇಬ್ಬರೂ ಹೋದೆವು. ಅಧಿಕಾರಿ ಗುರುತಿನವರೇ. ಕುರ್ಚಿ ಕೊಟ್ಟು, “ಮೇಡಂ, ಮಾಲಿನ್ಯ ಮಾಡಿದವರೇ ಅದರ ಭಾರ ಹೊರಬೇಕು ಅಂತ ಹಿಂದೆ ನಮ್ಮ ಸಿಬ್ಬಂದಿಗೆ ಪಾಠ ಮಾಡಿದವರೇ ನೀವು” ಅಂದರು. ಅಣಕವಾಗಿ ಅಲ್ಲ, ನಿಜವಾದ ಕಷ್ಟದಲ್ಲಿ.

“ಅದೇ ಕಾಗದದಲ್ಲಿ ಇನ್ನೊಂದು ಮಾತೂ ಇದೆ ಸಾರ್. ಹೊಣೆ ಎಲ್ಲರದ್ದೂ, ಆದರೆ ಪಾಲು ಒಂದೇ ಅಲ್ಲ. ಇವರು ಟೈರಿಗೆ ಇಳಿದದ್ದು ಯಾಕೆ ಅಂತಲೂ ನೋಡಬೇಕು.”

“ಅದು ದೇಶ ದೇಶಗಳ ಮಧ್ಯದ ಮಾತಲ್ವಾ ಮೇಡಂ?”

“ಹೌದು. ದೇಶಗಳಿಗೆ ಸಲ್ಲುವ ನ್ಯಾಯ ಈ ಬೀದಿಗೂ ಸಲ್ಲಲಿ ಅಂತ ಕೇಳ್ತಾ ಇದೀನಿ. ಸುಗ್ಗಿಯ ತನಕ ಸಮಯ ಕೊಡಿ, ಹೊಟ್ಟು ಬರುತ್ತೆ, ಟೈರು ನಿಲ್ಲುತ್ತೆ.”

ಅವರು ಚಿಕ್ಕತಾಯಮ್ಮನವರ ಕಡೆ ತಿರುಗಿದರು. “ಈಗ ಟೈರು ಉರಿಸ್ತಾ ಇರೋದು ನಿಜಾನಾ?”

“ನಿಜ ಸಾ.”

“ಬೇರೆಯವರೂ ಉರಿಸ್ತಾರಾ?”

ಆಕೆ ನೆಲ ನೋಡಿದರು. “ನಂದು ನಾನ್ ಏಳ್ದೆ ಸಾ. ಅವರದ್ದು ಅವರ್ನೇ ಕೇಳಿ.”

ಅಧಿಕಾರಿ ಬಹಳ ಹೊತ್ತು ಕಡತ ತಿರುವಿದರು. “ಒಪ್ಪಿಕೊಂಡ ಮೇಲೆ ನಾನು ಸುಮ್ಮನಿದ್ದರೆ ನನ್ನ ಮೇಲೆ ಅರ್ಜಿ ಬರುತ್ತೆ” ಎಂದು ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ಮೈಸೂರಿನಲ್ಲಿ ಮೇಲ್ಮನವಿ ಹಾಕಿದೆ. ಅಲ್ಲಿ ಗೆದ್ದೆವು. ಗೆಲ್ಲುವ ಹೊತ್ತಿಗೆ ಸುಗ್ಗಿ ಕಳೆದಿತ್ತು, ಗಿರಣಿಗಳಿಂದ ಹೊಟ್ಟು ಬರತೊಡಗಿತ್ತು, ಬೀದಿಯ ಮಿಕ್ಕ ಭಟ್ಟಿಗಳಲ್ಲಿ ಬಿಳಿ ಹೊಗೆ ಏಳುತ್ತಿತ್ತು. ಚಿಕ್ಕತಾಯಮ್ಮನವರ ಒಲೆ ಮಾತ್ರ ತಣ್ಣಗಿತ್ತು. ಭಟ್ಟಿ ಮುಚ್ಚಿದ ಮೇಲೆ ಮಾದೇವ ಕಾರ್ಖಾನೆಯೊಂದರಲ್ಲಿ ಲೋಡು ಇಳಿಸುವ ಕೆಲಸಕ್ಕೆ ಸೇರಿದ್ದ. ವಾಪಸು ಬರಲು ಅವನಿಗೆ ಮನಸ್ಸಿರಲಿಲ್ಲ. ಬಾಣಲೆಯ ಮುಂದೆ ನಿಲ್ಲುವ ಕೈ ಇಲ್ಲದೆ ಜರಡಿ ಹಿಡಿಯುವವರೊಬ್ಬರಿಂದ ಪುರಿ ಆಗುವುದಿಲ್ಲ. ಆಕೆ ಮತ್ತೆ ಒಲೆ ಹಚ್ಚಲಿಲ್ಲ. ತನ್ನ ಬೀದಿಯವರಿಂದಲೇ ಪುರಿ ಕೊಂಡು ಬಿದಿರಿನ ಮಂಕರಿಯಲ್ಲಿ ತಲೆಯ ಮೇಲೆ ಹೊತ್ತು ಊರೂರಿಗೆ ಮಾರಲು ಹೋಗತೊಡಗಿದರು.

ಕಂಪನಿಯ ಕಡತ ಮುಂದೆ ಹೋಯಿತು. ಯೋಜನೆ ನೋಂದಣಿಯಾದ ದಿನ ನಾಗರಾಜ್ ಸಿಹಿ ಕಳಿಸಿದರು. ಕಾಗದದಲ್ಲಿ ಎಲ್ಲ ಸರಿಯಾಗಿತ್ತು. ಘಟಕದಿಂದ ಹೊಗೆಯ ಉಳಿತಾಯವಾಯಿತು, ಬೀದಿಯ ಹೊಗೆ ಬೆಳ್ಳಗಾಯಿತು, ಸೋರಿಕೆ ನಿಂತಿತು. ಚಿಕ್ಕತಾಯಮ್ಮನವರ ಒಲೆ ಆರಿದ್ದು ಯಾವ ಲೆಕ್ಕದಲ್ಲೂ ಇರಲಿಲ್ಲ.

ಮುಂದೆ ಒಂದು ಮಧ್ಯಾಹ್ನ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕರು. ಮಂಕರಿ ಇಳಿಸಿ ನೆರಳಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಆಕೆಯೇ ಕೇಳಿದರು.

“ಆ ಮದ್ರಾಸಿನ ಸಾಹೇಬ್ರು ತಿರ್ಗಾ ಬತ್ತಾರಾ ಲಾಯ್ರಮ್ಮ?”

“ಬೇರೆ ಯಾರಾದರೂ ಬರಬಹುದು. ಯಾಕಮ್ಮ?”

“ಬಂದ್ರೆ ನಾನು ಅದೇ ಏಳ್ತೀನಿ. ಮೊದ್ಲು ಏಳಿದ್ದೇ. ಬೀದೀಲಿ ಮಕ್ಕಳು ಈಗ ಕೆಮ್ಮಾದಿಲ್ಲ.” ಒಂದು ಹಿಡಿ ಪುರಿ ತೆಗೆದು ನನ್ನ ಕೈಗೆ ಹಾಕಿದರು. “ಆದ್ರೆ ಕೇಳಾಕ್ ಮುಂಚೆ ಅವ್ರು ಒಂದ್ ಮಾತು ಕೊಡ್ಬೇಕು ಕಣವ್ವ. ಮಾತಾಡ್ದೋರ ಮನೆಗೆ ಯಾರೂ ಬರಬಾರದು ಅಂತ. ಅದು ನಿಮ್ಮ ಕಾನೂನ್ನಾಗೆ ಇಲ್ವಾ?”

ಇರಲಿಲ್ಲ. ಜನರ ಮಾತು ಕೇಳಬೇಕು ಎಂದು ಜಗತ್ತ ತುಂಬ ಬರೆದಿದ್ದರು. ಮಾತಾಡಿದವರು ಮನೆಗೆ ಹೋದ ಮೇಲೆ ಏನು ಎಂದು ನಾನು ಓದಿದ ಕಡೆ ಎಲ್ಲೂ ಬರೆದಿರಲಿಲ್ಲ.

ಅದಾದ ಕೆಲವು ತಿಂಗಳಿಗೆ ನಂಜನಗೂಡಿನ ಹತ್ತಿರದ ಚಿಕ್ಕಯ್ಯನಛತ್ರದಲ್ಲಿ ಬೇರೊಂದು ಕಾರ್ಖಾನೆಗೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ಸಭೆ ಇತ್ತು. ಜನರ ಪರವಾಗಿ ಕಾನೂನು ನೆರವಿಗೆ ನನ್ನನ್ನು ಕರೆದಿದ್ದರು. ಶಾಮಿಯಾನದ ತುಂಬ ಜನ, ಮೈಕು, ನೀರಿನ ಬಾಟಲಿ. ಯಾರಾದರೂ ಮಾತಾಡುವುದಿದ್ದರೆ ಬನ್ನಿ ಎಂದು ಕೂಗಿದರು. ಯಾರೂ ಏಳಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಗಡಿಯಾರ ನೋಡಿ, “ಆಕ್ಷೇಪಣೆ ಇಲ್ಲ ಅಂತ ಬರ್ಕೊಳ್ಳಿ” ಎಂದರು.

ನಾನು ವೇದಿಕೆಗೆ ಹೋಗಿ ಅವರ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದೆ. “ಸಾರ್, ಬರೆಯೋದಕ್ಕೆ ಮೊದಲು ಒಂದು ಪ್ರಕಟಣೆ ಮಾಡಿ. ಇಲ್ಲಿ ಆಡಿದ ಮಾತನ್ನ ಹಿಡಿದು ಆಡಿದವರ ಮೇಲೆ ಯಾವ ಇಲಾಖೆಯಿಂದಲೂ ನೋಟಿಸು ಹೋಗಲ್ಲ ಅಂತ.”

“ಅಂಥ ನಿಯಮ ಇಲ್ಲವಲ್ಲ ಮೇಡಂ.”

“ಹೇಳಬಾರದು ಅನ್ನೋ ನಿಯಮವೂ ಇಲ್ಲ ಸಾರ್. ನೀವು ಹೇಳೋ ತನಕ ನಾನು ಇಲ್ಲಿಂದ ಇಳಿಯಲ್ಲ. ಈ ಸಭೆ ಸರಿಯಾಗಿ ನಡೆಯಲಿಲ್ಲ ಅಂತ ಈಗಲೇ ಬರೆದುಕೊಡ್ತೀನಿ.”

ಅವರು ನನ್ನನ್ನು ನೋಡಿದರು, ಜನರನ್ನು ನೋಡಿದರು. ಮೈಕು ಹತ್ತಿರಕ್ಕೆಳೆದು, ನಾನು ಹೇಳಿದ್ದನ್ನೇ ತಮ್ಮ ಹೆಸರು ಹುದ್ದೆ ಸೇರಿಸಿ ಹೇಳಿದರು. ಅದನ್ನು ನಡಾವಳಿಯಲ್ಲಿ ಬರೆಯಿಸಿ ಸಹಿ ಹಾಕಿಸಿದೆ. ಆ ಮಾತಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ ಎಂದು ನನಗೂ ಗೊತ್ತಿರಲಿಲ್ಲ. ಆಮೇಲೆ ನಾನು ಹೋದ ಒಂದು ಸಭೆಯೂ ಆ ಪ್ರಕಟಣೆ ಇಲ್ಲದೆ ಶುರುವಾಗಲಿಲ್ಲ. ಈ ವೃತ್ತಿಗೆ ಬರುವವರು ನನ್ನಿಂದ ಒಂದನ್ನೇ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ.

ಅವತ್ತು ಅಧಿಕಾರಿ ಸಹಿ ಹಾಕಿ ಮೈಕನ್ನು ಜನರ ಕಡೆಗೆ ತಿರುಗಿಸಿದರು. ಆಮೇಲೆ ಶಾಮಿಯಾನದ ಹಿಂದಿನ ಸಾಲಿನಲ್ಲಿ, ಹೆಂಗಸರ ಕಡೆಯಿಂದ, ಒಬ್ಬಾಕೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ನಂದೊಂದ್ ಮಾತದೆ ಸಾ” ಅಂದರು.